ಬರೆ ಹಾಕುವ ಕೈ

ಕಮಲಾಪುರದ ಆ ಓಣಿಯಲ್ಲಿ ಕೂಸಿನ ಹೊಟ್ಟೆ ಉಬ್ಬಿತೆಂದರೆ ಜನ ಮೊದಲು ಮಾನಮ್ಮನ ಮನೆಗೆ ಓಡುತ್ತಿದ್ದರು. ಬಳೆಯ ಚೂರು ಕಾಯಿಸಿ ಹೊಟ್ಟೆಗೆ ಬರೆ ಹಾಕುವುದರಲ್ಲಿ ಆಕೆಯದು ಎತ್ತಿದ ಕೈ. ಕೂಸು ಎಷ್ಟೇ ಕಿರುಚಲಿ, ಆ ಕೈ ನಡುಗಿದ್ದಿಲ್ಲ. ಅತ್ತೆ ಕಲಿಸಿದ ವಿದ್ಯೆ, ಪುಣ್ಯದ ಕೆಲಸ ಎಂದೇ ಪಾಪ ನಂಬಿದ್ದಳು.

ಅಂಥವಳಿಗೆ ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಮೆಹರೀನ್ ಕಾವಿನ ಚಿಕಿತ್ಸೆ ಎಂದದ್ದೇ ತಡ, ಎದ್ದು ಓಡಬೇಕೆನಿಸಿತು. ಊರಿನ ಶಿಬಿರದಲ್ಲಿ ನರ್ಸ್ ಗರ್ಭಚೀಲದ ಬಾಯಿಗೆ ಹುಳಿ ನೀರಿನಂಥ ಔಷಧ ಹಚ್ಚಿ ನೋಡಿದಾಗ ಬಿಳಿ ಮಚ್ಚೆ ಕಂಡಿತ್ತು. ಅದಿನ್ನೂ ಕ್ಯಾನ್ಸರ್ ಅಲ್ಲ, ಬಿಟ್ಟರೆ ಮುಂದೆ ಆಗಬಹುದು. ಈಗಲೇ ಆ ಜಾಗವನ್ನು ಸುಟ್ಟುಬಿಡಬೇಕು ಎಂದರು ಡಾಕ್ಟರ್.

"ಚಾ ಕುಡದು ಬರ್ತೀನ್ರೀ" ಎಂದು ಹೊರಬಿದ್ದ ಮಾನಮ್ಮ, ಸೂಪರ್ ಮಾರ್ಕೆಟ್ ಬೀದಿಯ ಗದ್ದಲದೊಳಗೆ ಆಟೊ ಹುಡುಕುತ್ತ ನಡೆದೇಬಿಟ್ಟಳು. ಸೊಸೆ ಸುಜಾತಾ ಬೆನ್ನುಹತ್ತಿ ಬಂದು ಸೆರಗು ಹಿಡಿದಳು.

"ಎಲ್ಲಿಗಿ ಹೊಂಟ್ರಿ ಅತ್ತಿ?"

"ಮನಿಗಿ. ನನಗ ಸುಡೋದು ಬ್ಯಾಡ."

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಾಗ ಬಿತ್ತಂತ. ಓಣ್ಯಾಗಿನ ಕೂಸಿಗೆಲ್ಲ ಬರಿ ಹಾಕಿದವ್ರು ನೀವು!" ಸುಜಾತಾ ನಕ್ಕಳು. ಆಕೆಯ ಬಾಯಿ ಮೊದಲೇ ಜೋರು.

"ಹಾಕಿದಾಕಿಗೇ ಗೊತ್ತವ್ವ ಅದು ಹೆಂಗಿರ್ತದಂತ. ಕೂಸಿನ ಕಣ್ಣ ನಾ ನೋಡೀನಿ."

ಸುಜಾತಾಳ ನಗು ನಿಂತಿತು. "ನಿಮಗೇನರ ಆದ್ರ ನಾ ಯಾರ ಕೂಡ ಜಗಳಾ ಮಾಡ್ಲಿ?" ಎಂದು ಕೈ ಹಿಡಿದಳು. ಆ ಮಾತಿಗೆ ಮಾನಮ್ಮ ಆಸ್ಪತ್ರೆಯ ಕಡೆ ತಿರುಗಿದಳು.

ಟೇಬಲ್ಲಿನ ಮೇಲೆ ಮಲಗಿ ಹಲ್ಲು ಕಚ್ಚಿ ಸೊಸೆಯ ಮುಂಗೈ ಹಿಡಿದಳು. ಟಾರ್ಚಿನಂಥ ಯಂತ್ರದ ತುದಿ ಒಳಗೆ ತಾಗಿತು. ಮುಟ್ಟಿನ ಹೊಟ್ಟೆನೋವಿನ ಹಾಗೆ ಒಂದಿಷ್ಟು ಹಿಂಡಿತು. ಇನ್ನು ಉರಿಯುತ್ತದೆ, ಈಗ ಉರಿಯುತ್ತದೆ ಎಂದು ಕಾದೇ ಕಾದಳು.

"ಆತ್ರೀ ಅಮ್ಮ" ಎಂದರು ಡಾಕ್ಟರ್. "ಸ್ವಲ್ಪ ದಿನ ಮುಟ್ಟಿನ ಜಾಗದಿಂದ ನೀರಿನಂಗ ಹೋಗ್ತದ, ಅಂಜಬ್ಯಾಡ್ರಿ. ಒಂದು ತಿಂಗಳ ಮ್ಯಾಲಾಗೋತನಕ ಗಂಡನ ಕೂಡ ಮಲಗಬ್ಯಾಡ್ರಿ. ವರ್ಷಕ್ಕ ಮತ್ತ ಬಂದು ತೋರಸ್ರಿ."

ಮಾನಮ್ಮ ಸೊಸೆಯ ಮುಖ ನೋಡದೆ ತಲೆಯಾಡಿಸಿದಳು. ಆಮೇಲೆ ಕೇಳಿದಳು: "ಸುಟ್ಟಿದ್ದೇ ಗೊತ್ತಾಗ್ಲಿಲ್ಲಲ್ರೀ?"

"ಅಲ್ಲಿ ಉರಿ ತಿಳಿಯೋ ನರ ಭಾಳ ಕಡಿಮಿ ಇರ್ತಾವ."

ಸೀರೆ ಸರಿಮಾಡಿಕೊಳ್ಳುತ್ತಿದ್ದ ಮಾನಮ್ಮ ಡಾಕ್ಟರ್ ಕಡೆ ತಿರುಗಿದಳು. "ಮತ್ತ ಕೂಸಿನ ಹೊಟ್ಟಿ ಮ್ಯಾಲ?"

ಆಕೆ ಬರೆ ಹಾಕುವವಳೆಂದು ತಿಳಿಯದ ಡಾಕ್ಟರ್ ಕೈಗವಸು ಬಿಚ್ಚುತ್ತ, "ಅಲ್ಲಿ ಭಾಳ ಇರ್ತಾವ್ರೀ" ಎಂದರು.

ಮಾನಮ್ಮನ ಕಣ್ಣು ತುಂಬಿ ಬಂದವು. ಸುಜಾತಾ ಗಾಬರಿಯಾದಳು.

"ನೋವಾತೇನ್ರಿ ಅತ್ತಿ?"

"ನನಗಲ್ಲವ್ವ" ಎಂದಳು ಮಾನಮ್ಮ.