ಕೈ ಬಂತು

ಗಂಡಸಿ ರಸ್ತೆಯ ಷಡಕ್ಷರಪ್ಪನವರ ಕೊಬ್ಬರಿ ಶೆಡ್ಡಿನಲ್ಲಿ ಒಂದು ಮಾತು ಎಲ್ಲರ ಬಾಯಲ್ಲೂ ಇತ್ತು: "ಕೈ ಬಂತು."

ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಸುಮಿತ್ರಮ್ಮ ಕಣ್ಣು ಮುಚ್ಚಿ ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು. ಕೊಬ್ಬರಿ ಚಿಪ್ಪು ಬಿಟ್ಟು ಒಳಗೆ ಉರುಳಿದರೆ ಟೊಕಟೊಕ ಸದ್ದು. ನೀರು ಉಳಿದಿದ್ದರೆ ಮಂದವಾದ ಗುಳುಗುಳು. ಒಣಗಿದ್ದು ಬಲಗಡೆಯ ಬುಟ್ಟಿಗೆ, ಹಸಿ ಎಡಗಡೆಯದಕ್ಕೆ. ಆ ಬುಟ್ಟಿಗಳಿಗೆ ಯಾರೇ ಕೈ ಹಾಕುವ ಮೊದಲು "ಕೈ ಬಂತು" ಅನ್ನಲೇಬೇಕು. ಹೇಳದೆ ಬುಟ್ಟಿ ಸರಿಸಿದರೆ ಸುಮಿತ್ರಮ್ಮನ ಕೈ ರೂಢಿಯಂತೆ ಎಸೆದ ಹಸಿಕಾಯಿ ಒಣಗಿದ್ದರ ಜೊತೆ ಸೇರಿಬಿಡುತ್ತಿತ್ತು. ಹಸಿಕಾಯಿ ಒಡೆದರೆ ಕೊಬ್ಬರಿ ಇಡೀ ಉಂಡೆಯಾಗಿ ಸಿಗುವುದಿಲ್ಲ.

ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಮುಗಿಸಿ ಅರಸೀಕೆರೆಯಲ್ಲಿ ತೂಕದ ಯಂತ್ರಗಳ ರಿಪೇರಿ ಅಂಗಡಿ ಇಟ್ಟಿದ್ದ ಅಕ್ಷತಾ, ಎರಡು ವರ್ಷ ಒದ್ದಾಡಿ ಈ ಕೆಲಸಕ್ಕೊಂದು ಯಂತ್ರ ಮಾಡಿದ್ದಳು. ಬೆಲ್ಟಿನ ಮೇಲೆ ಬರುವ ಕಾಯನ್ನು ಯಂತ್ರ ಕುಲುಕುತ್ತದೆ, ಮೈಕು ಕೇಳಿಸಿಕೊಳ್ಳುತ್ತದೆ, ಕಂಪ್ಯೂಟರು ಹಸಿಯೋ ಒಣವೋ ಎಂದು ತೀರ್ಮಾನಿಸುತ್ತದೆ, ಮುಂದಿರುವ ಸಣ್ಣ ಗೇಟು ಎಡಕ್ಕೋ ಬಲಕ್ಕೋ ತಳ್ಳುತ್ತದೆ. ನಿಮಿಷಕ್ಕೆ ಅರವತ್ತು ಕಾಯಿ, ಒಂದು ವಾರ ತಪ್ಪಿಲ್ಲದೆ ನಡೆಯಬೇಕೆಂದು ಷಡಕ್ಷರಪ್ಪನವರ ಷರತ್ತು. ನಡೆದರೆ ಯಂತ್ರ ಇಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಅವಳೇ ಟೆಂಪೋದಲ್ಲಿ ಹೇರಿಕೊಂಡು ಹೋಗಬೇಕು.

ಶುರುವಿನಲ್ಲಿ ತೀರ್ಮಾನ ಬರುವಷ್ಟರಲ್ಲಿ ಕಾಯಿ ಗೇಟು ದಾಟಿ ಹೋಗುತ್ತಿತ್ತು. ಮೈಕಿನ ಸದ್ದು ಆಪರೇಟಿಂಗ್ ಸಿಸ್ಟಮ್ಮಿನ ಪದರಗಳನ್ನು ಒಂದೊಂದಾಗಿ ದಾಟಿ ಅವಳ ಪ್ರೋಗ್ರಾಮನ್ನು ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯುತ್ತಿತ್ತು. ನಡುವಿನವರು ಯಾಕೆ ಬೇಕು ಎಂದುಕೊಂಡ ಅಕ್ಷತಾ, ಪದರಗಳನ್ನೆಲ್ಲ ಬಿಟ್ಟು, ಮೈಕಿನ ಸದ್ದು ಮೊದಲು ಬಂದು ಸೇರುವ ಸೌಂಡ್ ಕಾರ್ಡಿನ ಮೆಮೊರಿಯನ್ನೇ ನೇರವಾಗಿ ಓದುವಂತೆ ಬರೆದಳು. ತಡ ಮಾಯವಾಯಿತು. ಐದು ದಿನ ಒಂದೂ ತಪ್ಪಿಲ್ಲ.

ಆರನೆಯ ದಿನ ಹನ್ನೊಂದು ಗಂಟೆಗೆ ಸುಮಿತ್ರಮ್ಮ ಬಲಗಡೆಯ ರಾಶಿಯ ಮುಂದೆ ನಿಂತರು. "ಕೈ ಬಂತು" ಎಂದು ಯಂತ್ರಕ್ಕೇ ಹೇಳಿ ಒಂದು ಕಾಯಿ ಎತ್ತಿದರು, ಅಲ್ಲಾಡಿಸಿದರು.

"ಏನವ್ವಾ, ನಿನ್ನ ಮಿಷನ್ನಿಗೆ ನೆಗಡಿ ಗಿಗಡಿ ಆಗೈತಾ? ಇದು ಹಸೀದು ಕಣವ್ವ. ತಗಾ, ಇದೂ ಹಸೀದೆ."

ಅಕ್ಷತಾ ಬೆಲ್ಟು ನಿಲ್ಲಿಸಿದಳು. ಯಂತ್ರದ ಕಂಪ್ಯೂಟರಿನ ಮುಂದೆ ಕೂತಿದ್ದ ಷಡಕ್ಷರಪ್ಪ ತಿರುಗಿ ನೋಡಿದರು.

"ಯಾಕಮ್ಮ ನಿಲ್ಲಿಸ್ದೆ? ತಿಪಟೂರು ಪಾರ್ಟಿಗೆ ತೋರಿಸ್ತಾ ಇದ್ದೆ. ನನ್ನ ಫೋನಲ್ಲಿ ಚಾರ್ಜಿಲ್ಲ, ಇದರಲ್ಲೇ ವಿಡಿಯೋ ಕಾಲ್ ಹಾಕ್ದೆ. ನೀನೇ ತಾನೆ ಮೊನ್ನೆ ಕಲಿಸಿದ್ದು?"

ಅಕ್ಷತಾಳಿಗೆ ಅರ್ಥವಾಗಲು ಹತ್ತು ನಿಮಿಷ ಹಿಡಿಯಿತು. ಕಾಲ್‌ಗೆ ಮೈಕು ಬೇಕಾದಾಗ ಸಿಸ್ಟಂ, ಸೌಂಡ್ ಕಾರ್ಡು ಸದ್ದನ್ನು ದಾಖಲಿಸುವ ವೇಗವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿತ್ತು. ಪದರಗಳ ಮೂಲಕ ಬರುವ ಪ್ರೋಗ್ರಾಮುಗಳಿಗೆ ಆ ಸುದ್ದಿ ಮುಟ್ಟುತ್ತದೆ. ಅವಳದಕ್ಕೆ ಮುಟ್ಟಲಿಲ್ಲ, ಅದು ಹಳೆಯ ವೇಗವೆಂದೇ ನಂಬಿ ಓದಿತು. ಮಂದವಾದ ಗುಳುಗುಳು ಮೂರು ಪಟ್ಟು ಚೂಪಾಗಿ ಟೊಕಟೊಕ ಎನಿಸಿತು. ಸಿಸ್ಟಂ "ಕೈ ಬಂತು" ಎಂದು ಹೇಳಿಯೇ ಇತ್ತು. ಕೇಳಿಸಿಕೊಳ್ಳುವ ಜಾಗದಲ್ಲಿ ಇವಳ ಪ್ರೋಗ್ರಾಮು ಇರಲಿಲ್ಲ.

"ಅಷ್ಟೇ ತಾನೆ? ಇವತ್ತಿಂದು ಲೆಕ್ಕಕ್ಕಿಲ್ಲ, ನಾನು ಕಾಲ್ ಮಾಡಲ್ಲ ಬಿಡು. ಒಂದು ಬೋರ್ಡು ಬರೆದು ನೇತಾಕು," ಎಂದರು ಷಡಕ್ಷರಪ್ಪ.

ಒಪ್ಪಿಕೊಂಡಿದ್ದರೆ ವಾರ ಮುಗಿಯಲು ಒಂದೇ ದಿನವಿತ್ತು. ಆದರೆ ಇವತ್ತು ಕಾಲ್, ನಾಳೆ ಇನ್ನೇನೋ. ಎಷ್ಟು ಬೋರ್ಡು ನೇತುಹಾಕುವುದು?

"ಬೇಡಿ ಯಜಮಾನ್ರೆ. ತಪ್ಪು ನಂದು. ಸರಿಮಾಡ್ತೀನಿ."

"ಹಂಗಾರೆ ವಾರ ಮತ್ತೆ ಮೊದಲಿಂದ. ಇದೇ ಕಡೇದು ನೋಡು."

ಅವಳು ಪದರಗಳಿಗೆ ಮರಳಿದಳು. ತಡವೂ ಮರಳಿತು. ಮಧ್ಯಾಹ್ನವೆಲ್ಲ ಬೆಲ್ಟಿನ ಪಕ್ಕ ಕೂತು ಅಳೆದಳು. ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ತಡ. ಆ ಹೊತ್ತಿನಲ್ಲಿ ಕಾಯಿ ಮುಂದೆ ಹೋಗುವುದು ಎರಡು ಬೆರಳಗಲ. ನಿಮಿಷಕ್ಕೆ ಬರುವ ಕಾಯಿ ಮಾತ್ರ ಅರವತ್ತೇ. ತಡ ಬೇರೆ, ನಿಧಾನ ಬೇರೆ. ಇದನ್ನು ಕಾಣದೆ ಅವಳು ಮೂರು ತಿಂಗಳು ಪದರಗಳನ್ನು ಬೈದಿದ್ದಳು. ಗೇಟು ಎರಡು ಬೆರಳು ಮುಂದಿದ್ದರೆ ಸಾಕಿತ್ತು. ಆದರೆ ಗೇಟನ್ನು ಬೆಸುಗೆ ಹಾಕಿ ಕೂರಿಸಲಾಗಿದೆಯಲ್ಲ? ಚೌಕಟ್ಟು ಮಾಡಿದ ಬಾಣಾವರದ ವೆಲ್ಡರ್ ಭೀಮರಾಜನಿಗೆ ಫೋನು ಮಾಡಿದಳು.

"ವೆಲ್ಡಿಂಗಾ? ಯಾರು ಹೇಳಿದ್ದು ಮೇಡಂ? ನಾಲ್ಕು ಬೋಲ್ಟು ಅಷ್ಟೆ. ಹಿಂದೆ ಮುಂದೆ ಸರಿಸಾಕೆ ಅಂತ್ಲೇ ಉದ್ದುದ್ದ ತೂತು ಬಿಟ್ಟಿವ್ನಿ. ಮೇಲೆ ಪೇಂಟ್ ಮುಚ್ಕಂಡೈತೆ. ನನ್ನ ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನಡುವಿನವರನ್ನ ಕೇಳೋ ಅಭ್ಯಾಸ ಇರ್ಲಿಲ್ಲ ಭೀಮರಾಜಣ್ಣ."

ಸ್ಪ್ಯಾನರಿಗೆ ನಾಲ್ಕೂ ಬೋಲ್ಟು ಕರಕರ ಎನ್ನುತ್ತ ಸಡಿಲಾದವು.

ಹೊಸ ವಾರವಿಡೀ ದಿನಾ ಹನ್ನೊಂದಕ್ಕೆ ವಿಡಿಯೋ ಕಾಲ್ ಮಾಡಲೇಬೇಕೆಂದು ಅಕ್ಷತಾ ಷಡಕ್ಷರಪ್ಪನವರಿಗೆ ತಾಕೀತು ಮಾಡಿದಳು. ಏಳನೆಯ ದಿನ ತಿಪಟೂರಿನ ವ್ಯಾಪಾರಿ ಪರದೆಯಿಂದಲೇ ಗೋಗರೆದ: "ಏನ್ ಸ್ವಾಮೀ, ದಿನಾ ಅದೇ ಕಾಯಿ ಉರುಳೋದು ತೋರಿಸ್ತೀರಲ್ಲ, ನನಗೂ ಅಂಗಡಿ ಐತೆ!"

ಸುಮಿತ್ರಮ್ಮ ಬಲಗಡೆಯ ರಾಶಿಯಿಂದ ಹತ್ತು, ಇಪ್ಪತ್ತು, ಮೂವತ್ತು ಕಾಯಿ ಅಲ್ಲಾಡಿಸಿದರು. ಪ್ರತಿಯೊಂದನ್ನೂ ಮತ್ತೆ ಬಲಕ್ಕೇ ಹಾಕಿದರು. ತಡೆಯಲಾಗದೆ ಅಕ್ಷತಾ ತಾನೂ ಒಂದನ್ನು ಎತ್ತಿಕೊಳ್ಳಲು ಹೋದಳು. ಮುಂಗೈ ಮೇಲೆ ಫಟ್ಟನೆ ಏಟು ಬಿತ್ತು.

"ಇನ್ನೂ ಬುದ್ಧಿ ಬರ್ಲಿಲ್ವೇನೇ?"

"ಕೈ ಬಂತು, ಸುಮಿತ್ರಮ್ಮ," ಎಂದಳು ಅಕ್ಷತಾ.

"ಹೂಂ, ತಗಾ," ಎಂದು ಸುಮಿತ್ರಮ್ಮ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.