ರಿಪೇರಿಯಾದ ಅಪ್ಪ

ಪಾದ್ರಿಗಳ ಪ್ರಸಂಗದ ನಡುವೆ ನನ್ನ ಕೈ ನಿಂತುಹೋಯಿತು.

ಚರ್ಚಿನ ಎಡಗಡೆಯ ಕಂಬದ ಪಕ್ಕ ನಿಂತು, ಅವರು ಆಡುವ ಒಂದೊಂದು ಮಾತನ್ನೂ ಕೈಮಾತಿನಲ್ಲಿ ಮಗಳಿಗೆ ಹೇಳುತ್ತಿದ್ದೆ. ಅವಳಿಗೆ ಹನ್ನೊಂದು ವರ್ಷ, ಹುಟ್ಟಿನಿಂದಲೇ ಕಿವಿ ಕೇಳದು. ಅವಳಪ್ಪನಿಗೂ ಕೇಳುತ್ತಿರಲಿಲ್ಲ. ಅವರು ತೀರಿಕೊಂಡು ಅಂದಿಗೆ ಒಂದು ವರ್ಷ. ಆ ದಿನದ ಪ್ರಾರ್ಥನೆ ಅವರ ಹೆಸರಿನಲ್ಲೇ. ಪ್ರಸಂಗ ಮುಗಿದ ಮೇಲೆ ಮಗಳು ಮುಂದೆ ಹೋಗಿ ಅಪ್ಪನಿಗಾಗಿ ಕೈಯಲ್ಲಿ ಪ್ರಾರ್ಥಿಸಬೇಕು, ನಾನು ಅದನ್ನು ಬಾಯಲ್ಲಿ ಹೇಳಬೇಕು ಎಂದು ಮಾತಾಗಿತ್ತು. ವಾರದಿಂದ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದಳು.

"ಹೋದ ವರ್ಷ ಇದೇ ದಿನ," ಎಂದರು ಪಾದ್ರಿಗಳು, "ನಮ್ಮ ಸಹೋದರನ ಮುಚ್ಚಿದ ಕಿವಿಗಳು ತೆರೆದವು. ಅವರು ಮೊಟ್ಟಮೊದಲು ಕೇಳಿದ್ದು ದೇವದೂತರ ಹಾಡು. ಕಟ್ಟಿದ್ದ ನಾಲಿಗೆ ಬಿಚ್ಚಿತು. ಇನ್ನು ಅವರಿಗೆ ಕೈಯಾಡಿಸುವ ಕಷ್ಟವಿಲ್ಲ."

ಕೈಯಾಡಿಸುವ ಕಷ್ಟ! ಆ ಕೈಗಳಲ್ಲೇ ಅವರು ನನ್ನನ್ನು ಒಲಿಸಿಕೊಂಡಿದ್ದು, ನನ್ನ ಜೊತೆ ಜಗಳ ಕಾದಿದ್ದು, ತಮ್ಮ ಮ್ಯಾನೇಜರನ್ನು ಅಣಕಿಸಿ ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದು. ಅವರು ಪುಸ್ತಕ ಬೈಂಡ್ ಮಾಡುತ್ತಿದ್ದ ಪ್ರೆಸ್ಸಿನಲ್ಲಿ ಮಿಷನ್ನು ಶುರುವಾದರೆ ಪಕ್ಕದವನು ಕೂಗಿದರೂ ಕೇಳುತ್ತಿರಲಿಲ್ಲ. ಅಲ್ಲಿ ಕಿವಿ ಇದ್ದವರೇ ಕಿವುಡರು. ನಾಲ್ಕು ಜನ ಬೈಂಡರುಗಳು ಇವರಿಂದ ಕೈಮಾತು ಕಲಿತು ಶೆಡ್ಡಿನ ಈ ಕೊನೆಯಿಂದ ಆ ಕೊನೆಗೆ ಹರಟೆ ಹೊಡೆಯುತ್ತಿದ್ದರು. ನಾನು ಆರು ದಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಇಸ್ತ್ರಿ ಮಾಡಿ, ಏಳನೆಯ ದಿನ ಇಲ್ಲಿ ರಟ್ಟೆ ಬೀಳುವಂತೆ ಈ ಪಾದ್ರಿಗಳ ಮಾತು ಹೊರುತ್ತೇನೆ. ಕಷ್ಟ ಎಂದು ಬಾಯಿ ಬಿಟ್ಟವಳಲ್ಲ.

ಮುಂದಿನ ಸಾಲಿನಲ್ಲಿ ಅತ್ತೆ ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮುಖದಲ್ಲಿ ಎಂಥದೋ ತೃಪ್ತಿ.

"ಏನಂದ್ರು?" ಮಗಳ ಕೈ ಕೇಳಿತು.

"ಅಪ್ಪ ಚೆನ್ನಾಗಿದ್ದಾನಂತೆ."

"ಸುಳ್ಳು. ಅಜ್ಜಿ ಅಳ್ತಾ ಇದಾಳೆ. ನಿನ್ನ ಮುಖ ಕೆಂಪಾಗಿದೆ. ಪೂರ್ತಿ ಹೇಳು."

ಪೂರ್ತಿ ಹೇಳಿದೆ.

"ಹಾಗಾದ್ರೆ ಅಪ್ಪ ನಮ್ಮ ಮಾತು ಮರೆತುಬಿಟ್ಟನಾ? ನಾನು ಅಲ್ಲಿಗೆ ಹೋದ್ರೆ ಯಾರ ಜೊತೆ ಮಾತಾಡ್ಲಿ?"

ಅಪ್ಪ ಹೋದ ದಿನ ಅವಳನ್ನು ಸಂತೈಸಿದವಳು ನಾನೇ. ಮತ್ತೆ ಸಿಗ್ತಾನೆ, ಕೂತು ಎಲ್ಲ ಹೇಳ್ಕೋಬಹುದು ಎಂದಿದ್ದೆ. ಒಂದು ವರ್ಷ ಆ ಮಾತು ನೆಚ್ಚಿಕೊಂಡೇ ಉಂಡು ಮಲಗಿ ಎದ್ದ ಮಗು ಅದು. ಈಗ ಎರಡೂ ಕೈಯನ್ನು ತೊಡೆಯ ಕೆಳಗೆ ತೂರಿಸಿ ಅದರ ಮೇಲೆ ಕೂತುಬಿಟ್ಟಳು. ಕೈಯಲ್ಲಿ ಮಾತಾಡುವವರು ಹಾಗೆ ಕೂತರೆ ಬಾಯಿಗೆ ಬೀಗ ಹಾಕಿದಂತೆ. ಪಾದ್ರಿಗಳು ಕರೆದಾಗ ಏಳಲಿಲ್ಲ. ಅವರು ಇನ್ನೊಮ್ಮೆ ಕರೆದು, ಕೆಮ್ಮಿ, ಕೂಟ ಮುಗಿಸಿದರು.

ಜನ ಕರಗಿದ ಮೇಲೆ ಬಾಗಿಲ ಬಳಿ ಪಾದ್ರಿಗಳನ್ನು ತಡೆದೆ. ನಮ್ಮ ಚರ್ಚಿಗೆ ಬಂದು ಆರು ತಿಂಗಳಾಗಿತ್ತು, ಚಿಕ್ಕ ವಯಸ್ಸು.

"ಅಕ್ಕ, ನಿಮಗೆ ಸಮಾಧಾನ ಆಗ್ಲಿ ಅಂತ ಹೇಳಿದೆ."

"ಯಾರಿಗೆ ಫಾದರ್ ಸಮಾಧಾನ? ನಮ್ಮನೆಯವರಿಗಾ, ಇಲ್ಲಾ ಅವರ ಜೊತೆ ಮಾತಾಡೋಕೆ ಬರದೇ ಇದ್ದೋರಿಗಾ?"

"ಅಲ್ಲಿ ಯಾರಿಗೂ ಯಾವ ಕೊರತೆನೂ ಇರಲ್ಲ ಅಂತ ತಾನೇ ನಮ್ಮ ನಂಬಿಕೆ?"

"ಅವರಿಗೆ ಕೊರತೆ ಇತ್ತು ಅಂತ ನಿಮಗೆ ಹೇಳಿದ್ಯಾರು? ಯುಗಯುಗ ಹಾಡು ಕೇಳ್ತಾ ಕೂತಿರ್ತಾರಂತೆ! ನಮ್ಮ ಮದುವೇಲಿ ಎಲ್ರೂ ಎದ್ದು ಹಾಡ್ತಿದ್ರೆ ಅವರು ಮೂಲೇಲಿ ಕೇಕ್ ತಿಂತಾ ಇದ್ರು. ಅವರಿಗೇನು ಬೇಕು ಅಂತ ಒಬ್ಬರಾದ್ರೂ ಕೇಳಿದ್ರಾ?"

ಹಿಂದಿನಿಂದ ಅತ್ತೆ ಬಂದರು. "ಏನೇ ಇದು? ದೇವರು ನನ್ನ ಮಗನ್ನ ಸರಿ ಮಾಡಿದ್ರೆ ನಿನಗ್ಯಾಕೆ ಉರಿ? ನಲವತ್ತೊಂದು ವರ್ಷ ಕರೆದೆ ಕಣೇ ಅವನನ್ನ. ಒಂದು ದಿನ ತಿರುಗಿ ನೋಡ್ಲಿಲ್ಲ. ಅಲ್ಲಿ ಕರೆದ್ರೆ ತಿರುಗ್ತಾನೆ. ಅಷ್ಟು ಆಸೇನೂ ಇಟ್ಕೋಬಾರದಾ ನಾನು?"

"ಹೆಗಲು ಮುಟ್ಟಿದ್ರೆ ಇಲ್ಲೇ ತಿರುಗ್ತಿದ್ರು ಅತ್ತೆ."

ಅಂದುಬಿಟ್ಟೆ. ಹದಿಮೂರು ವರ್ಷ ನುಂಗಿಕೊಂಡಿದ್ದ ಮಾತು. ನಲವತ್ತೊಂದು ವರ್ಷದಲ್ಲಿ ಆ ತಾಯಿ ಕಲಿತದ್ದು ಮೂರೇ ಮೂರು ಸನ್ನೆ: ಬಾ, ತಿನ್ನು, ಬೇಡ. ಉಳಿದದ್ದನ್ನೆಲ್ಲ ಸ್ವರ್ಗಕ್ಕೆ ಬಿಟ್ಟಿದ್ದರು. ತಾವು ಬಗ್ಗಬೇಕಾಗಿಲ್ಲ, ದೇವರು ಮಗನನ್ನೇ ರಿಪೇರಿ ಮಾಡಿ ಕೈಗೆ ಕೊಡುತ್ತಾನೆ!

ಅಷ್ಟರಲ್ಲಿ ಮಗಳು ನನ್ನ ತೋಳು ಹಿಡಿದು ಎಳೆದಳು.

"ಪ್ರಾರ್ಥನೆ ಮಾಡ್ತೀನಿ. ನೀನು ಜೋರಾಗಿ ಹೇಳು. ಅಜ್ಜಿಗೂ ಕೇಳಿಸ್ಲಿ."

ಖಾಲಿ ಬೆಂಚುಗಳ ನಡುವೆ ಹಾದು ಪೀಠದ ಮುಂದೆ ನಿಂತಳು. ಪಾದ್ರಿಗಳೂ ಅತ್ತೆಯೂ ಹಿಂದೆ ಬಂದರು. ಕೈಮಾತಿನಲ್ಲಿ ಯೇಸುವಿನ ಹೆಸರು ಹೇಳಬೇಕಾದರೆ ನಡುಬೆರಳಿನಿಂದ ಎರಡೂ ಅಂಗೈಯನ್ನು ಒಂದಾದ ಮೇಲೊಂದು ಮುಟ್ಟಬೇಕು. ಮೊಳೆಯ ಗಾಯವೇ ಅವನ ಹೆಸರು. ಮಗಳು ಮುಟ್ಟಲಿಲ್ಲ, ಕುಟ್ಟಿದಳು.

"ಯೇಸುವೇ," ಎಂದೆ ನಾನು, ಅವಳ ಕೈ ನೋಡುತ್ತ. "ಸತ್ತು ಎದ್ದ ಮೇಲೂ ನೀನು ನಿನ್ನ ಕೈಯ ತೂತು ಮುಚ್ಕೊಳ್ಳಲಿಲ್ಲ. ಅದನ್ನ ತೋರಿಸಿದ ಮೇಲೇ ಗೆಳೆಯರು ನಿನ್ನನ್ನ ನಂಬಿದ್ದು. ನಾನು ಅಪ್ಪನ ಗುರುತು ಹೇಗೆ ಹಿಡೀಲಿ? ನಿನಗೊಂದು ನ್ಯಾಯ, ಅಪ್ಪನಿಗೊಂದಾ? ಅವನ ಕಿವಿ ತಂಟೆಗೆ ಹೋಗಬೇಡ. ಆಗಲೇ ಸರಿ ಮಾಡಿದ್ರೆ ವಾಪಸ್ ಮೊದಲಿನ ಹಾಗೆ ಮಾಡು. ಅಲ್ಲಿ ಎಲ್ಲರಿಗೂ ಮುಗಿಯದಷ್ಟು ಟೈಮ್ ಇದೆಯಂತಲ್ಲ, ಹಾಡೋದು ನಿಲ್ಲಿಸಿ ಕೈಮಾತು ಕಲೀಲಿ. ದೇವದೂತರೂ ಕಲೀಲಿ. ನೀನೂ ಕಲಿ. ಅಪ್ಪ ಚೆನ್ನಾಗಿ ಹೇಳ್ಕೊಡ್ತಾನೆ. ತಪ್ಪು ಮಾಡಿದ್ರೆ ನಗ್ತಾನೆ, ಅಷ್ಟೇ."



ಅತ್ತೆ ನನ್ನ ಕಿವಿಯ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು: "ನಿಜ ಹೇಳೇ. ಅಲ್ಲೂ ನಾನು ಕರೆದ್ರೆ ಅವನಿಗೆ ಕೇಳಿಸಲ್ವಾ?"

ಅವರನ್ನು ನೋಡಿ ಕರುಳು ಚುರುಕ್ ಎನ್ನಬೇಕಿತ್ತು. ಎನ್ನಲಿಲ್ಲ. "ನನಗೆ ಗೊತ್ತಿಲ್ಲ ಅತ್ತೆ, ಸುಮ್ಮನಿರಿ," ಎಂದೆ. ಮಗಳ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ಈಗ ಅವಳು ಅಪ್ಪನ ಜೊತೆಗೇ ಮಾತಾಡುತ್ತಿದ್ದಳು, ಆ ಮಾತನ್ನು ನಾನು ಯಾರಿಗೂ ಬಿಡಿಸಿ ಹೇಳಲಿಲ್ಲ.