ಭಾವ ತೊಳೆದ ಹಾಡುಗಳು

ನಮ್ಮ ಭಾವನಿಗೆ ಗೊತ್ತಿಲ್ಲದ್ದು ಒಂದೇ: ತನಗೆ ಏನೇನು ಗೊತ್ತಿಲ್ಲ ಎಂಬುದು. ಅಕ್ಕನನ್ನು ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಅವರು ನಮ್ಮ ಮನೆಯ ಮಿಕ್ಸಿ, ನಲ್ಲಿ, ಬಾಗಿಲ ಚಿಲಕ ಎಲ್ಲವನ್ನೂ ರಿಪೇರಿ ಮಾಡಿದ್ದಾರೆ. ಪ್ರತಿಸಲವೂ ಮಾರನೆಯ ದಿನ ನಾವು ಹೊಸದನ್ನು ತಂದಿದ್ದೇವೆ.

ಆದರೂ ಅಪ್ಪನ ಹನ್ನೊಂದು ಕ್ಯಾಸೆಟ್ಟುಗಳನ್ನು ಅವರಿಗೆ ಕೊಟ್ಟವನು ನಾನೇ. ಮಂಗನ ಕೈಗೆ ಮಾಣಿಕ್ಯ. ನಾನು ಕೈಗಡಿಯಾರ ರಿಪೇರಿ ಮಾಡುವವನು, ಗಿರಾಕಿಯನ್ನು ಕೇಳದೆ ಒಂದು ಸ್ಕ್ರೂ ಬಿಚ್ಚುವುದಿಲ್ಲ. ಆ ದಿನ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ಹಳೆಯ ಟೇಪ್ ರೆಕಾರ್ಡರ್ ಕೆಟ್ಟು ಕೂತಿತ್ತು. "ವೈಫೈಲಿ ಹಾಡೋ ಪ್ಲೇಯರ್ ತರ್ತೀನಿ, ಕ್ಯಾಸೆಟ್ಟಲ್ಲಿರೋದೆಲ್ಲ ಅದಕ್ಕೆ ಹಾಕ್ಕೊಡ್ತೀನಿ" ಎಂದರು ಭಾವ. ನಂಬಿದೆ.

ಅವು ಅಪ್ಪ ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಹಾಡುಗಳು. ಕೆಂಪು ಗುಂಡಿ ಒತ್ತಿದರೆಂದರೆ ಮನೆಯವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅಮ್ಮ ಮುಚ್ಚುತ್ತಿರಲಿಲ್ಲ. ಮೂರನೆಯ ಕ್ಯಾಸೆಟ್ಟಿನ ಮೊದಲ ಹಾಡಿನಲ್ಲಿ ಪಲ್ಲವಿ ಮುಗಿದು ಪಿಟೀಲು ಶುರುವಾಗುತ್ತಲೇ ಅಡುಗೆಮನೆಯಿಂದ ಅವಳ ಕೂಗು: "ರೀ, ಹಾಲು ಉಕ್ತಾ ಇದೆ, ಸ್ವಲ್ಪ ನೋಡ್ರೀ." ಒಡನೆ ಅಪ್ಪನ "ಶ್". ಅಮ್ಮ ಹೋಗಿ ಆರು ವರ್ಷವಾಯಿತು. ಅವಳ ದನಿ ಬೇರೆಲ್ಲೂ ಉಳಿದಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಭಾವ ಬಂದರು, ಊಟದ ಡಬ್ಬಿಯಷ್ಟು ದೊಡ್ಡ ಪ್ಲೇಯರ್ ಹಿಡಿದು, ಯುದ್ಧ ಗೆದ್ದವರ ಮುಖ ಹೊತ್ತು. ಪಾಸ್‌ವರ್ಡನ್ನು ಮೂರು ಸಲ ತಪ್ಪಾಗಿ ಒತ್ತಿ, ನಮ್ಮ ರೂಟರ್ ಸರಿಯಿಲ್ಲವೆಂದು ತೀರ್ಪು ಕೊಟ್ಟರು. ಅಪ್ಪ ಹೊಸ ಅಂಗಿ ತೊಟ್ಟು ಕುರ್ಚಿಯನ್ನು ಪ್ಲೇಯರಿನ ಹತ್ತಿರಕ್ಕೆ ಎಳೆದುಕೊಂಡಿದ್ದರು.

"ನಿಮ್ಮ ರೆಕಾರ್ಡಿಂಗ್ ಬಹಳ ಗಲೀಜು ಮಾವ" ಎಂದರು ಭಾವ. "ಪಾತ್ರೆ ಬೀಳುತ್ತೆ, ಮಧ್ಯ ಮಧ್ಯ ಯಾರೋ ಮಾತಾಡ್ತಾರೆ. ಆ್ಯಪ್ ತಾನೇ ಹಾಡನ್ನ ಗುರುತು ಹಿಡೀತು. ಎಲ್ಲಾದಕ್ಕೂ ಒರಿಜಿನಲ್ ಹಾಕಿದೀನಿ. ಈಗ ತೊಳೆದಿಟ್ಟ ಹಾಗಿದೆ."

"ನಮ್ಮ ರೆಕಾರ್ಡಿಂಗ್?" ಎಂದೆ.

"ಜಾಗ ತಿನ್ನುತ್ತೆ ಅಂತ ಡಿಲೀಟ್ ಮಾಡ್ದೆ. ಕ್ಯಾಸೆಟ್ಟನ್ನ ಹೋದ ತಿಂಗಳೇ ಗುಜರಿಗೆ ಹಾಕ್ದೆ."

ಯಾರೋ ಅಂತೆ. ಆ ಯಾರೋ ಬಡಿಸಿದ್ದನ್ನೇ ಆರು ವರ್ಷ ಪ್ರತಿ ಭಾನುವಾರ ಹೊಟ್ಟೆ ಬಿರಿಯುವಷ್ಟು ತಿಂದ ಮನುಷ್ಯ. ನೆಗಡಿಗೆ ಮೂಗು ಕೊಯ್ದು, ಈಗ ಶಹಬ್ಬಾಸ್‌ಗಿರಿಗೆ ಕಾದು ನಿಂತಿದ್ದರು. ಅವರ ಮೇಲೆ ಅಸಹ್ಯವಾಯಿತು. ಅವರಿಗಿಂತ ಹೆಚ್ಚಾಗಿ, ಚೀಲ ತುಂಬಿಸಿ ಕೊಟ್ಟ ನನ್ನ ಮೇಲೆ.

ಅಪ್ಪನಿಗೆ ಇದು ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ. "ಮೂರನೇದು ಹಾಕಪ್ಪ" ಎಂದರು ಅಷ್ಟೆ.

ಹಾಡು ಬಂತು. ಒಂದು ಗೊರಗೊರ ಇಲ್ಲ, ಪಾತ್ರೆಯ ಸದ್ದಿಲ್ಲ. ಪಲ್ಲವಿ ಮುಗಿಯಿತು, ಪಿಟೀಲು ಶುರುವಾಯಿತು. ಅಪ್ಪ ಕಣ್ಣು ಮುಚ್ಚಿಕೊಂಡು ಮೆಲ್ಲಗೆ, "ರೀ, ಹಾಲು ಉಕ್ತಾ ಇದೆ, ಸ್ವಲ್ಪ ನೋಡ್ರೀ" ಎಂದರು.

ಭಾವ ಧಡಕ್ಕನೆ ಎದ್ದು ಅಡುಗೆಮನೆಗೆ ಓಡಿದರು. ಹಿಂದಿರುಗಿ ಬಂದು, "ಒಲೆ ಮೇಲೆ ಏನೂ ಇಲ್ವಲ್ಲ ಮಾವ" ಎಂದರು.

ಅಪ್ಪ ಕಣ್ಣು ತೆರೆಯದೆ ತುಟಿಯ ಮೇಲೆ ಬೆರಳಿಟ್ಟು, "ಶ್" ಎಂದರು.